ಲೇಸರ್ ಬಿಸಿಯಿಂದ ಪಾಲಿಸ್ಟೈರೀನ್ ಪದರದಲ್ಲಿ ಗೆರೆ ಬರೆಯಬೇಕು, ಏನೂ ಮೂಡುತ್ತಿಲ್ಲ. ಯಾಕೆ?

ತೆಳುಪದರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಪಾಲಿಸ್ಟೈರೀನ್ (ಒಂದು ಪ್ಲಾಸ್ಟಿಕ್, ಅಂದರೆ ಉದ್ದ ಸರಪಳಿ ಅಣುಗಳ ಪಾಲಿಮರ್) ಪದರದಲ್ಲಿ ಬರೀ ಲೇಸರ್ ಬಿಸಿಯಿಂದ ಗೆರೆ ಬರೆಯಬೇಕು ಅಂತಿದ್ದೇನೆ. ಆಕೃತಿ ಮೂಡಿಸುವ ಮಾಸ್ಕ್ ಬೇಡ, ಆಮೇಲೆ ತೊಳೆಯುವ ಡೆವಲಪರ್ ದ್ರಾವಣ ಬೇಡ, ಅದಕ್ಕೇ ಈ ವಿಧಾನ ನನಗೆ ತುಂಬಾ ಇಷ್ಟ. ಟೊಲ್ಯೂನ್‌ನಲ್ಲಿ ಕರಗಿಸಿ ಸ್ಪಿನ್ ಕೋಟ್ ಮಾಡಿದ್ದೇನೆ (ವೇಗವಾಗಿ ತಿರುಗಿಸಿ ತೆಳುವಾಗಿ ಹರಡುವುದು), ದಪ್ಪ ಸುಮಾರು 100 ನ್ಯಾನೋಮೀಟರ್. 532 ನ್ಯಾನೋಮೀಟರಿನ ಹಸಿರು ಲೇಸರನ್ನು ಮೈಕ್ರೋಸ್ಕೋಪ್ ಆಬ್ಜೆಕ್ಟಿವ್‌ನಿಂದ ಫೋಕಸ್ ಮಾಡುತ್ತೇನೆ, ಚುಕ್ಕಿಯ ಅಗಲ ಸುಮಾರು 2 ಮೈಕ್ರಾನ್. ಬರಿ ಗಾಜಿನ ಮೇಲೆ ಏನೂ ಆಗುವುದಿಲ್ಲ. ಸಿಲಿಕಾನ್ ವೇಫರ್ ಮೇಲೆ 20 ಮಿಲಿವಾಟ್ ತನಕ ಹೋದರೂ ಗುರುತೇ ಬೀಳುತ್ತಿಲ್ಲ. ಪವರ್ ಇನ್ನೂ ಜಾಸ್ತಿ ಮಾಡಲಾ?

ಗಾಜುಚಿನ್ನ:
ಸುಮ್ನೆ ಪವರ್ ಏರಿಸಬೇಡಿ. ಬಿಸಿ ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ, ಅದನ್ನು ಮೊದಲು ನೋಡಿ. ಪಾಲಿಸ್ಟೈರೀನ್ ಹಸಿರು ಬೆಳಕನ್ನು ಹೀರುವುದಿಲ್ಲ, ಗಾಜೂ ಅಷ್ಟೇ. ಹಾಗಾಗಿ ಗಾಜಿನ ಮೇಲೆ ಬಿಸಿ ಹುಟ್ಟುವುದಕ್ಕೆ ಜಾಗವೇ ಇಲ್ಲ. ಸಿಲಿಕಾನ್ ಹೀರುತ್ತದೆ, ಆದರೆ ಅದು ಗಾಜಿಗಿಂತ ನೂರು ಪಟ್ಟಿಗೂ ಜಾಸ್ತಿ ಚೆನ್ನಾಗಿ ಬಿಸಿ ಸಾಗಿಸುತ್ತದೆ, ಚುಕ್ಕಿಯಲ್ಲಿ ಹುಟ್ಟಿದ್ದು ಅಲ್ಲಿ ನಿಲ್ಲದೆ ವೇಫರ್ ಒಳಗೆ ಹರಡಿಹೋಗುತ್ತದೆ. ನೀವು ಕೊಟ್ಟ ಅಳತೆ ಹಿಡಿದು ಲೆಕ್ಕ ಹಾಕಿದರೆ 20 ಮಿಲಿವಾಟ್‌ಗೆ 20-30 ಡಿಗ್ರಿ ಏರಬಹುದು, ಅಷ್ಟೇ. ಪಾಲಿಸ್ಟೈರೀನ್ ಮೆತ್ತಗಾಗುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗುರುತು ಬೀಳೋದು ಹೇಗೆ?

ಗಾಜಿನ ಮೇಲೆ ತೆಳುವಾಗಿ ಚಿನ್ನ ಹಾಕಿಸಿ, ಹತ್ತಿಪ್ಪತ್ತು ನ್ಯಾನೋಮೀಟರ್ ಸಾಕು. ಚಿನ್ನ ಹಸಿರು ಬೆಳಕನ್ನು ಒಂದಿಷ್ಟು ಹೀರುತ್ತದೆ, ಕೆಳಗಿನ ಗಾಜು ಆ ಬಿಸಿಯನ್ನು ಬೇಗ ಹೋಗಲು ಬಿಡುವುದಿಲ್ಲ. ಗಾಜಿಗೆ ಚಿನ್ನ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆ ಅಡಿಯಲ್ಲಿ ಎರಡು ಮೂರು ನ್ಯಾನೋಮೀಟರ್ ಕ್ರೋಮಿಯಂ ಇರಲಿ. ಚಿನ್ನ ದಪ್ಪವಾದರೆ ಅದೇ ಬಿಸಿಯನ್ನು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ, ಗೆರೆ ಅಗಲವಾಗುತ್ತದೆ.

ಇನ್ನೊಂದು ವಿಷಯ ಮನಸ್ಸಲ್ಲಿಟ್ಟುಕೊಳ್ಳಿ. ಇಲ್ಲಿ ಗೆರೆ ಮೂಡಿಸುವುದು ಬರೀ ಬಿಸಿಯಲ್ಲ, ನಡುವಿನ ಬಿಸಿಗೂ ಪಕ್ಕದ ತಂಪಿಗೂ ಇರುವ ಅಂತರ. ಇಡೀ ಗಾಜನ್ನು ಹಾಟ್‌ಪ್ಲೇಟ್ ಮೇಲಿಟ್ಟರೆ ಪದರವೆಲ್ಲ ಮೆತ್ತಗಾಗುತ್ತದೆ, ಗೆರೆ ಮಾತ್ರ ಬರುವುದಿಲ್ಲ. ಪಾಲಿಸ್ಟೈರೀನ್ ಬಿಸಿಯಾದಷ್ಟೂ ಅದರ ಮೇಲ್ಮೈ ಎಳೆತ ಕಮ್ಮಿಯಾಗುತ್ತದೆ. ಪಕ್ಕದ ತಂಪಿನ ಭಾಗ ಜೋರಾಗಿ ಎಳೆಯುವುದರಿಂದ ನಡುವೆ ಕರಗಿದ್ದು ಎರಡೂ ಕಡೆಗೆ ಸರಿಯುತ್ತದೆ. ನಡುವೆ ಕಾಲುವೆ, ಅಕ್ಕಪಕ್ಕ ಬದು. ಇಟಲಿಯ ಮರಂಗೋನಿ 1865ರಲ್ಲಿ ಬರೆದದ್ದು ದ್ರವಗಳ ಇಂಥ ಹರಿವಿನ ಬಗ್ಗೆಯೇ, ಅದಕ್ಕೇ ಇದಕ್ಕೆ ಅವರ ಹೆಸರು.

ಎಎಫ್‌ಎಂ_ಸೂಜಿ:
ಮೇಲಿನವರು ಹೇಳಿದ್ದು ಸರಿ. ಗೆರೆ ಬಂದ ಮೇಲೆ ಪಾಲಿಮರ್ ಸರಿದಿದೆಯಾ ಅಥವಾ ಸುಟ್ಟುಹೋಗಿದೆಯಾ ಅಂತ ಪರೀಕ್ಷೆ ಮಾಡಲೇಬೇಕು. ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ, ನನಗೆ ನಿಜಕ್ಕೂ ಬೇಜಾರಾಗುತ್ತದೆ. ಎಎಫ್‌ಎಂನಲ್ಲಿ (ಸಣ್ಣ ಸೂಜಿಯಿಂದ ಮೇಲ್ಮೈಯ ಏರಿಳಿತ ಅಳೆಯುವ ಮೈಕ್ರೋಸ್ಕೋಪ್) ಗೆರೆಗೆ ಅಡ್ಡವಾಗಿ ಒಂದು ಪ್ರೊಫೈಲ್ ತೆಗೆಯಿರಿ. ಮೂಲ ಪದರದ ಮಟ್ಟಕ್ಕಿಂತ ಕೆಳಗಿರುವ ಕಾಲುವೆಯ ವಿಸ್ತೀರ್ಣ ಎಷ್ಟು, ಮೇಲೆದ್ದ ಎರಡು ಬದುಗಳದ್ದು ಒಟ್ಟು ಎಷ್ಟು ಅಂತ ಅಳೆಯಿರಿ. ಎರಡೂ ಹತ್ತಿರ ಹತ್ತಿರ ಒಂದೇ ಆದರೆ ಸರಿದಿದೆ. ಕಾಲುವೆಯೇ ತುಂಬಾ ದೊಡ್ಡದಿದ್ದರೆ ಪಾಲಿಮರ್ ಆವಿಯಾಗಿ ಹೋಗಿದೆ, 300 ಡಿಗ್ರಿ ದಾಟಿದರೆ ಸರಪಳಿಗಳು ಮುರಿಯಲು ಶುರುವಾಗುತ್ತವೆ.

ಗೆರೆ ಆಳ ಸಾಲದಿದ್ದರೆ ಪವರ್ ಏರಿಸುವ ಬದಲು ಸ್ಕ್ಯಾನ್ ವೇಗ ಇಳಿಸಿ. ಇಷ್ಟು ಚಿಕ್ಕ ಚುಕ್ಕಿಯಲ್ಲಿ ಬಿಸಿ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಏರಿ ನಿಲ್ಲುತ್ತದೆ, ಹರಿಯುವುದಕ್ಕೆ ಮಾತ್ರ ಪಾಲಿಮರಿಗೆ ಸಮಯ ಬೇಕು. ನಿಮ್ಮ ಪಾಲಿಸ್ಟೈರೀನಿನ ಅಣುತೂಕ ಎಷ್ಟು? ಉದ್ದ ಸರಪಳಿಗಳಲ್ಲಿ ಅಣುತೂಕ ಎರಡು ಪಟ್ಟಾದರೆ ಕರಗಿದಾಗಿನ ಮಂದತನ ಸುಮಾರು ಹತ್ತು ಪಟ್ಟಾಗುತ್ತದೆ, ಹಾಗಾಗಿ ಕಮ್ಮಿ ಅಣುತೂಕದ್ದರಿಂದ ಶುರು ಮಾಡಿ. ಟೊಲ್ಯೂನ್ ಪೂರ್ತಿ ಹೋಗುವ ಹಾಗೆ ಪದರವನ್ನು ಮೊದಲೇ ಬೇಕ್ ಮಾಡಿ, ಉಳಿದರೆ ಲೇಸರ್ ಬಿದ್ದಲ್ಲಿ ಗುಳ್ಳೆ ಏಳಬಹುದು.

ತೆಳುಪದರ:
ತುಂಬಾ ಥ್ಯಾಂಕ್ಸ್, ಈಗ ಅರ್ಥವಾಯಿತು. ಆದರೆ ನಮ್ಮಲ್ಲಿ ಚಿನ್ನ ಹಾಕುವ ವ್ಯವಸ್ಥೆ ಇಲ್ಲ. ವರ್ಕ್‌ಶಾಪಿನಲ್ಲಿ ಅಕ್ರಿಲಿಕ್ ಕತ್ತರಿಸುವ ಸಿಒ2 ಲೇಸರ್ ಇದೆ, ಅದು ಆಗುತ್ತಾ?

ಗಾಜುಚಿನ್ನ:
ಆ ಲೇಸರಿನ ತರಂಗದುದ್ದ 10.6 ಮೈಕ್ರಾನ್. ಗಾಜೇ ಅದನ್ನು ಹೀರುತ್ತದೆ, ಬಿಸಿಯೇನೋ ಆಗುತ್ತದೆ, ಆದರೆ ವರ್ಕ್‌ಶಾಪ್ ಮಷಿನ್ನಿನ ಚುಕ್ಕಿ ಸಾಮಾನ್ಯವಾಗಿ ನೂರು ಮೈಕ್ರಾನ್ ಆಸುಪಾಸು. ಸಣ್ಣ ಗೆರೆ ಬರುವುದಿಲ್ಲ. 2014ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಇಂಥ ಲೇಸರಿನಿಂದಲೇ ಪಾಲಿಇಮೈಡ್ ಹಾಳೆಯ ಮೇಲೆ ಗ್ರಾಫೀನ್ ಬರೆದು ತೋರಿಸಿದರು, ಒಳ್ಳೆಯ ಕೆಲಸ, ಆದರೆ ಅಲ್ಲಿ ಪಾಲಿಮರ್ ಸರಿಯುವುದಿಲ್ಲ, ಇಂಗಾಲವಾಗಿ ಬದಲಾಗುತ್ತದೆ. ನಿಮಗೆ ಬೇಕಾದ್ದು ಅದಲ್ಲ ಅಲ್ವಾ?

ಚಿನ್ನಕ್ಕೆ ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರವಾದ ಸೆನ್ಸ್‌ನಲ್ಲಿ ಕೇಳಿ. ಐಎನ್‌ಯುಪಿ ಎಂಬ ಕೇಂದ್ರ ಸರ್ಕಾರದ ಯೋಜನೆಯಡಿ ಹೊರಗಿನ ಸಂಸ್ಥೆಯವರಿಗೂ ಅಲ್ಲಿನ ಸೌಲಭ್ಯ ಬಳಸಲು ಅವಕಾಶವಿದೆ, ಗೈಡ್ ಮೂಲಕ ಅರ್ಜಿ ಹಾಕಿ.

ಎಎಫ್‌ಎಂ_ಸೂಜಿ:
ಚಿನ್ನ ಹಾಕಿದ ಗಾಜು ಬೆಳಕನ್ನು ಚೆನ್ನಾಗಿ ವಾಪಸ್ ಎಸೆಯುತ್ತದೆ, ಐಪೀಸಿನಲ್ಲಿ ಕಣ್ಣಿಟ್ಟು ಲೇಸರ್ ಆನ್ ಮಾಡಲೇಬೇಡಿ, ಕ್ಯಾಮೆರಾದಲ್ಲೇ ನೋಡಿ. ಅಗ್ಗದ ಹಸಿರು ಲೇಸರಾದರೆ ಅದರಿಂದ 808 ಮತ್ತು 1064 ನ್ಯಾನೋಮೀಟರಿನ ಕಣ್ಣಿಗೆ ಕಾಣದ ಬೆಳಕೂ ಸೋರಬಹುದು. ಬರೀ 532ಕ್ಕೆ ಮಾಡಿದ ಕನ್ನಡಕ ಅದನ್ನು ತಡೆಯುತ್ತದೆ ಅಂತ ನಂಬಬೇಡಿ, ಇನ್‌ಫ್ರಾರೆಡ್ ಫಿಲ್ಟರ್ ಹಾಕಿಯೇ ಕೆಲಸ ಶುರು ಮಾಡಿ.