ಐದು ಹೆಸರು, ಒಂದು ಪ್ರಾಜೆಕ್ಟ್

ಅತ್ತೆ: (ಫಾರ್ವರ್ಡ್) ಓದಿದ್ದರಲ್ಲಿ ನೆನಪಿರುವುದು 10%, ಗುಂಪಿನಲ್ಲಿ ಚರ್ಚಿಸಿದ್ದರಲ್ಲಿ 50%, ಬೇರೆಯವರಿಗೆ ಕಲಿಸಿದರೆ 90%! ಆನ್‌ಲೈನ್ ಕ್ಲಾಸಿನಲ್ಲಿ ಒಂಟಿಯಾಗಿ ಕೂತ ಮಕ್ಕಳ ಗತಿ ಏನು? ಎಲ್ಲ ಪೋಷಕರಿಗೂ ತಲುಪಿಸಿ 🙏

ಅತ್ತೆ: ನಾನು ಮೊದಲಿಂದಲೂ ಇದನ್ನೇ ಹೇಳುತ್ತಿದ್ದೆ. ಪುಟ್ಟಿ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತಿರುತ್ತಾಳೆ. ನಾಲ್ಕು ಜನರ ಜೊತೆ ಸೇರಿ ಕಲಿಯಬೇಕು.

ಅಣ್ಣ: ಅತ್ತೆ, ಈ ಅಂಕಿ ಎಲ್ಲಿಂದ ಬಂತು? ಯಾವ ಪ್ರಯೋಗದಲ್ಲಿ ಲೆಕ್ಕ ಇಷ್ಟು ದುಂಡಗೆ ಬರುತ್ತದೆ? ಎಡ್ಗರ್ ಡೇಲ್ ಅನ್ನುವ ಅಮೆರಿಕದ ಶಿಕ್ಷಣತಜ್ಞರು 1946ರಲ್ಲಿ ಕಲಿಕೆಯ ಬಗೆಗಳನ್ನು ತೋರಿಸುವ ಒಂದು ಶಂಕುವಿನ ಚಿತ್ರ ಕೊಟ್ಟಿದ್ದರು. ಅದರಲ್ಲಿ ಶೇಕಡಾ ಲೆಕ್ಕವೇ ಇರಲಿಲ್ಲ. ಆಮೇಲೆ ಬೇರೆ ಯಾರೋ ಅಂಟಿಸಿದ್ದು.

ಅತ್ತೆ: ನಾನು ಕಳಿಸಿದ್ದನ್ನು ನೀನು ಯಾವತ್ತು ನಂಬಿದ್ದೀಯಪ್ಪ? ಹೋದ ತಿಂಗಳು ನಿದ್ದೆ ಬಗ್ಗೆ ಕಳಿಸಿದಾಗಲೂ ಎಲ್ಲರ ಮುಂದೆ ಹೀಗೇ ಕೇಳಿದೆ.

ದೊಡ್ಡಪ್ಪ: ಹಿರಿಯರ ಜೊತೆ ವಾದ ಬೇಡ. ಕೂಡಿ ಕಲಿಯುವುದು ಒಳ್ಳೆಯದು ಅನ್ನುವುದಕ್ಕೆ ಪುರಾವೆ ಬೇಕಾ? ಕಾಯುವುದು, ಬಿಟ್ಟುಕೊಡುವುದು, ಇನ್ನೊಬ್ಬರ ಮಾತು ಪೂರ್ತಿ ಕೇಳುವುದು, ಇದೆಲ್ಲ ಒಬ್ಬನೇ ಕೂತರೆ ಬರುವುದಿಲ್ಲ.

ತಮ್ಮ: ಪರೀಕ್ಷೆ ಬಂದರೆ ನಾವು ನಾಲ್ವರು ಮಹಡಿ ಮೇಲೆ ಕೂತು ಓದುತ್ತಿದ್ದದ್ದು ನೆನಪಿದೆಯಾ? ಅಕ್ಕ ಹೇಳಿಕೊಟ್ಟಿದ್ದಕ್ಕೇ ನಾನು ಗಣಿತ ಪಾಸಾದೆ. ಎಂಥಾ ದಿನ ಅಲ್ವಾ ❤️

ನಾನು: ನೆನಪಿದೆ. ಸೌರಮಂಡಲದ ಮಾಡೆಲ್ಲೂ ನೆನಪಿದೆ. ಶನಿಯ ಉಂಗುರಕ್ಕೆ ರಟ್ಟು ಕತ್ತರಿಸುವಾಗ ಬೆರಳು ಕೊಯ್ದುಕೊಂಡವಳು ನಾನು. ಅದಕ್ಕೆ ಹೆಸರು ನಾಲ್ವರದ್ದು, ಕ್ಲಾಸಿನ ಮುಂದೆ ನಿಂತು ವಿವರಿಸಿ ಚಪ್ಪಾಳೆ ತೆಗೆದುಕೊಂಡವನು ನೀನು.

ತಮ್ಮ: ಅಕ್ಕ, ಅದು 20 ವರ್ಷದ ಹಿಂದಿನ ಮಾತು!

ನಾನು: ಗಾಯದ ಗುರುತು ಇನ್ನೂ ಇದೆ.

ನಾನು: ಸುಮ್ನೆ ಹಳೆಯದು ಕೆದಕುತ್ತಿಲ್ಲ. ಪುಟ್ಟಿಗೂ ಈಗ ಅದೇ ಆಗುತ್ತಿದೆ. ಹೋದ ವಾರ ಆನ್‌ಲೈನ್ ಕ್ಲಾಸಿನಲ್ಲಿ ಐದು ಮಕ್ಕಳನ್ನು ಒಂದು ಬ್ರೇಕ್‌ಔಟ್ ರೂಮಿಗೆ, ಅಂದರೆ ಸಣ್ಣ ಗುಂಪಿನ ಬೇರೆ ಕಾಲ್‌ಗೆ, ಹಾಕಿದರು. ನಾನು ಪಕ್ಕದಲ್ಲೇ ಇದ್ದೆ. ನಾಲ್ಕು ಕಪ್ಪು ಚೌಕ, ಎಲ್ಲರ ಮೈಕೂ ಮ್ಯೂಟ್. ಇವಳು "ಕೇಳಿಸುತ್ತಿದೆಯಾ?" ಅಂತ ಮೂರು ಸಲ ಕೇಳಿದಳು. ಕೊನೆಗೆ ಒಬ್ಬ ಚಾಟಿನಲ್ಲಿ "ನೀನೇ ಮಾಡು, ನೀನು ಚೆನ್ನಾಗಿ ಮಾಡುತ್ತೀಯ" ಅಂತ ಬರೆದ. ಎಲ್ಲರೂ ಸೇರಿ ಬರೆಯಬೇಕಿದ್ದ ಗೂಗಲ್ ಡಾಕ್ಸಿನ ಹಿಸ್ಟರಿ ತೆಗೆದು ನೋಡಿದರೆ ಮೇಲಿಂದ ಕೆಳಗೆ ಒಂದೇ ಬಣ್ಣ, ಒಂದೇ ಹೆಸರು. ಅವಳು ಒಂಟಿಯಾಗಿದ್ದದ್ದು ಗುಂಪಿನ ಒಳಗೇ, ಅತ್ತೆ.

ಅಣ್ಣ: ಅದೇ ನಾನು ಹೇಳುವುದು. ರಿಂಗೆಲ್‌ಮನ್ ಅಂತ ಫ್ರಾನ್ಸಿನ ಕೃಷಿ ಎಂಜಿನಿಯರ್, ಹಗ್ಗ ಎಳೆಸಿ ನೋಡಿ 1913ರಲ್ಲಿ ಪ್ರಕಟಿಸಿದರು. ಜನ ಜಾಸ್ತಿಯಾದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಡಿಮೆ.

ಅತ್ತೆ: ಹಾಗಾದರೆ ನಾನು ಕಳಿಸಿದ್ದು ತಪ್ಪು ಅಂತಾಯಿತು.

ನಾನು: ಅಂಕಿ ತಪ್ಪು. ಹೇಳಿಕೊಟ್ಟರೆ ನಮಗೂ ಚೆನ್ನಾಗಿ ತಲೆಗೆ ಹೋಗುತ್ತದೆ ಅನ್ನುವುದು ತಪ್ಪಲ್ಲ. ಆದರೆ ಹೇಳಿಕೊಡುವ ಸರದಿ ಎಲ್ಲರಿಗೂ ಬರಬೇಕು. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಎಲಿಯಟ್ ಆರನ್‌ಸನ್ ಅನ್ನುವ ಮನಶ್ಶಾಸ್ತ್ರಜ್ಞರು ಜಿಗ್‌ಸಾ ಅಂತ ಒಂದು ವಿಧಾನ ಶುರು ಮಾಡಿದರು. ಕರಿಯ, ಬಿಳಿಯ ಮಕ್ಕಳನ್ನು ಹೊಸದಾಗಿ ಒಂದೇ ಶಾಲೆಗೆ ಸೇರಿಸಿದ್ದ ಕಾಲ, ಕ್ಲಾಸಿನಲ್ಲಿ ಬರೀ ಜಗಳ. ಇವರು ಪಾಠವನ್ನು ತುಂಡು ಮಾಡಿ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಒಂದೇ ತುಂಡು ಸಿಕ್ಕವರು ಬೇರೆ ಬೇರೆ ಗುಂಪಿನಿಂದ ಬಂದು ಮೊದಲು ಒಟ್ಟಿಗೆ ಕೂತು ಕಲಿಯುತ್ತಾರೆ, ಆಮೇಲೆ ತಮ್ಮ ಗುಂಪಿಗೆ ವಾಪಸ್ ಹೋಗಿ ಕಲಿಸುತ್ತಾರೆ. ಒಬ್ಬ ಬಾಯಿ ಬಿಡದಿದ್ದರೆ ಉಳಿದವರಿಗೆ ಅಷ್ಟು ಪಾಠವೇ ಇಲ್ಲ. ಹಾಗಾಗಿ ಯಾವಾಗಲೂ ಸುಮ್ಮನಿರುವ ಹುಡುಗನನ್ನೂ ಕೇಳಲೇಬೇಕು. ಪರೀಕ್ಷೆ ಮಾತ್ರ ಅವರವರದ್ದೇ. ನನಗೆ ಇದು ತುಂಬಾ ಇಷ್ಟ.

ಅಣ್ಣ: ಇದು ಸರಿ. ಇದನ್ನು ನಾನೂ ಓದಿದ್ದೇನೆ.

ಅತ್ತೆ: ಅವಳು ಹೇಳಿದರೆ ಸರಿ, ನಾನು ಹೇಳಿದರೆ ಪುರಾವೆ ಬೇಕು.

ದೊಡ್ಡಪ್ಪ: ಸಾಕು. ಆ ಮಾಡೆಲ್ ವಿಷಯ ಏನಾಯಿತು?

ತಮ್ಮ: ತಪ್ಪಾಯಿತು ಅಕ್ಕ. ಅದು ನೀನು ಮಾಡಿದ್ದು ಅಂತ ಅವತ್ತೇ ಹೇಳಬೇಕಿತ್ತು. ಶನಿಗೆ ಉಂಗುರ ಯಾಕಿದೆ ಅಂತ ಮಿಸ್ ಕೇಳಿದಾಗ ನನಗೆ ಉತ್ತರವೇ ಗೊತ್ತಿರಲಿಲ್ಲ.

ಪುಟ್ಟಿ: ಎಲ್ಲರೂ ನನ್ನ ಬಗ್ಗೆಯೇ ಮಾತಾಡುತ್ತಿದ್ದೀರಿ 😊 ಪ್ರಾಜೆಕ್ಟನ್ನು ಐದು ಭಾಗ ಮಾಡಿ, ಒಂದೊಂದಕ್ಕೂ ಹೆಸರು ಹಾಕಿ ಕೊಡಿ ಅಂತ ನಾನೇ ಸರ್‌ಗೆ ಬರೆದೆ. ಒಪ್ಪಿಕೊಂಡರು. ನನ್ನದು ಮೂರನೇ ಭಾಗ, ಉಬ್ಬರ ಇಳಿತ. ಇಬ್ಬರು ಅವರ ಭಾಗ ಆಗಲೇ ಶುರು ಮಾಡಿದ್ದಾರೆ.

ಅತ್ತೆ: ಸಮುದ್ರ ದಿನಕ್ಕೆ ಎರಡು ಸಲ ಯಾಕೆ ಉಬ್ಬುತ್ತದೆ ಅಂತ ನನಗೂ ಗೊತ್ತಿಲ್ಲ ಪುಟ್ಟಿ. ಹೇಳಿಕೊಡುತ್ತೀಯಾ?

ಪುಟ್ಟಿ: ಈಗಲೇ ವಿಡಿಯೋ ಕಾಲ್ ಮಾಡುತ್ತೇನೆ ಅಜ್ಜಿ. ಕ್ಯಾಮೆರಾ ಆನ್ ಇಟ್ಟಿರಿ.