ಪೆಂಗ್ವಿನ್‌ಗಳ ಕಾಲೊನಿ, ಹಡಲ್, ಕ್ರೆಶ್: ಮೂರಕ್ಕೂ ‘ಗುಂಪು’ ಎಂದರೆ ಸಾಕೇ?

ಬಲ್ಲವರಿಗೆ ನಮಸ್ಕಾರ. ಚಿತ್ರದುರ್ಗದ ಕಡೆಯ ಪ್ರೌಢಶಾಲಾ ಮಕ್ಕಳ ಓದಿಗೆಂದು ಪೆಂಗ್ವಿನ್‌ಗಳ ಕ್ಷೇತ್ರಾಧ್ಯಯನವನ್ನು ಕುರಿತ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಸಂಶೋಧಕರು ಕಾಲೊನಿ (ಮರಿ ಮಾಡಲು ಸೇರುವ ನೆಲೆ), ಹಡಲ್ (ಚಳಿಗೆ ಮೈಗೆ ಮೈ ಒತ್ತಿ ನಿಲ್ಲುವುದು), ಕ್ರೆಶ್ (ತಾಯಿ ತಂದೆ ಕಡಲಿಗೆ ಹೋದಾಗ ಮರಿಗಳು ಒಂದೆಡೆ ಸೇರುವುದು) ಎಂದು ಬಿಡಿಸಿ ಹೇಳುವ ಮೂರನ್ನೂ ಕನ್ನಡದಲ್ಲಿ ‘ಗುಂಪು’ ಅಥವಾ ‘ಹಿಂಡು’ ಎಂದು ಬರೆದರೆ ಅರ್ಥವೇ ಕೆಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾಲೊನಿ ಎಂದರೆ ಹಕ್ಕಿಗಳ ಸಮೂಹ ಮಾತ್ರವಲ್ಲ, ಅವು ಮರಿ ಮಾಡಲು ಬಂದು ಸೇರುವ ಜಾಗವೂ ಹೌದು. ಅಡೆಲಿ ಪೆಂಗ್ವಿನ್‌ಗಳ ಕಾಲೊನಿಗಳನ್ನು ಉಪಗ್ರಹ ಚಿತ್ರಗಳಲ್ಲಿ ಪತ್ತೆಹಚ್ಚುವುದು ಹಕ್ಕಿಗಳನ್ನು ಕಂಡಲ್ಲ, ನೆಲಕ್ಕೆ ಹತ್ತಿದ ಹಿಕ್ಕೆಯ ಕಲೆಯನ್ನು ಕಂಡು. ಹೀಗೆ ಸುಳಿವು ಸಿಕ್ಕ ಅಂಟಾರ್ಕ್ಟಿಕಾದ ಡೇಂಜರ್ ದ್ವೀಪಗಳಿಗೆ ಹೋದ ಸಂಶೋಧಕರು, ನೆಲದ ಮೇಲಿನ ಎಣಿಕೆಯ ಜೊತೆಗೆ ಡ್ರೋನ್ ಚಿತ್ರಗಳನ್ನೂ ಬಳಸಿ, ಅಲ್ಲಿ 7,51,527 ಜೋಡಿಗಳಿವೆ ಎಂದು 2018ರಲ್ಲಿ ಪ್ರಕಟಿಸಿದರು. ಇದನ್ನು ‘ಏಳೂವರೆ ಲಕ್ಷ ಪೆಂಗ್ವಿನ್‌ಗಳ ಗುಂಪು’ ಎಂದು ಬರೆದರೆ ಅರ್ಧದಷ್ಟು ಹಕ್ಕಿಗಳು ಲೆಕ್ಕದಿಂದಲೇ ಬಿಟ್ಟುಹೋಗುತ್ತವೆ, ಜಾಗದ ಅರ್ಥವೂ ಉಳಿಯುವುದಿಲ್ಲ.

‘ವಸಾಹತು’ ಎಂದೊಡನೆ ಪರರ ಆಳ್ವಿಕೆಯೇ ನೆನಪಿಗೆ ಬರುವುದರಿಂದ ಅದನ್ನು ಕೈಬಿಟ್ಟಿದ್ದೇನೆ. ‘ಗೂಡುತಾಣ’ ಎಂಬುದು ಕಲ್ಲುಹರಳು ಪೇರಿಸಿ ಗೂಡು ಮಾಡುವ ಅಡೆಲಿಗೆ ಸರಿಹೊಂದುತ್ತದೆ. ಆದರೆ ಎಂಪರರ್ ಪೆಂಗ್ವಿನ್ ಗೂಡನ್ನೇ ಕಟ್ಟುವುದಿಲ್ಲ. ಗಂಡುಹಕ್ಕಿಯು ಒಂದೇ ಒಂದು ಮೊಟ್ಟೆಯನ್ನು ತನ್ನ ಪಾದಗಳ ಮೇಲಿರಿಸಿಕೊಂಡು, ಹೊಟ್ಟೆಯ ಕೆಳಗಿನ ಚರ್ಮದ ಮಡಿಕೆಯನ್ನು ಅದರ ಮೇಲೆ ಇಳಿಬಿಟ್ಟು, ಚಳಿಗಾಲದ ಕತ್ತಲಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಏನೂ ತಿನ್ನದೆ ಕಾವು ಕೊಡುತ್ತದೆ. ಹೀಗಿರುವಾಗ ‘ಹಟ್ಟಿ’ ಎಂಬ ಪದ ಒದಗೀತೇ? ನಮ್ಮ ಜಿಲ್ಲೆಯಲ್ಲಿ ಅದು ವಾಸದ ನೆಲೆಯನ್ನೂ ದನಕುರಿಗಳು ತಂಗುವ ಜಾಗವನ್ನೂ ಸೂಚಿಸುತ್ತದೆ. ಆದರೆ ಜನವಸತಿಯ ಹೆಸರಾಗಿ ಅದು ಗಟ್ಟಿಯಾಗಿ ನಿಂತಿರುವುದರಿಂದ ಹಕ್ಕಿಗಳಿಗೆ ಬಳಸಲು ನನಗೆ ಹಿಂಜರಿಕೆಯಿದೆ. ‘ಮರಿನೆಲೆ’ ಎಂದರೆ ಹೇಗೆ?

ಹಡಲ್ ವಿಷಯದಲ್ಲಿ ನಾಮಪದಕ್ಕಾಗಿ ಹಟ ಹಿಡಿಯುವುದು ಬೇಡವೆನಿಸುತ್ತದೆ. ‘ಮೈಗೆ ಮೈ ಒತ್ತಿ ನಿಲ್ಲುತ್ತವೆ’ ಎಂದರೆ ಸಾಕು. ಅದು ನಿಶ್ಚಲವಾದ ನಿಲುವಲ್ಲ ಎಂಬುದನ್ನು ಮಾತ್ರ ಹೇಳಲೇಬೇಕು: ಅರ್ಧ ನಿಮಿಷ, ಒಂದು ನಿಮಿಷಕ್ಕೊಮ್ಮೆ ಎಂಪರರ್ ಪೆಂಗ್ವಿನ್‌ಗಳು ಪುಟ್ಟ ಹೆಜ್ಜೆಯಿಟ್ಟು, ಆ ಚಲನೆ ಅಲೆಯಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯುವುದನ್ನು 2011ರ ಅಧ್ಯಯನವೊಂದು ತೋರಿಸಿತು.

ನಿಜವಾದ ತೊಡಕಿರುವುದು ಕ್ರೆಶ್‌ನಲ್ಲಿ. ಅಡೆಲಿ ಮರಿಗಳು ಮೂರು ವಾರದ ಆಸುಪಾಸಿನವಾದಾಗ ತಾಯಿ ತಂದೆ ಎರಡೂ ಕಡಲಿಗೆ ಮೇವಿಗೆ ಹೋಗುತ್ತವೆ, ಮರಿಗಳು ಒಂದೆಡೆ ಸೇರಿಕೊಳ್ಳುತ್ತವೆ. ಹಿಂದಿರುಗಿದ ಹಕ್ಕಿ ಕೂಗು ಹಾಕಿ, ದನಿಯಿಂದಲೇ ತನ್ನ ಮರಿಯನ್ನು ಗುರುತಿಸುತ್ತದೆ. ಬಳಿಕ ಓಡತೊಡಗುತ್ತದೆ, ಮರಿ ಬೆನ್ನಟ್ಟಿ ಬಂದು ತುತ್ತು ಪಡೆಯುತ್ತದೆ. ‘ಶಿಶುವಿಹಾರ’ ಎಂದು ಬರೆದರೆ ನೋಡಿಕೊಳ್ಳುವವರು ಇದ್ದಾರೆ ಎಂಬ ತಪ್ಪು ಭಾವನೆ ಬರುತ್ತದೆ. ಚಳ್ಳಕೆರೆ ಸೀಮೆಯಲ್ಲಿ ಕುರಿಗಳು ಮೇಯಲು ಹೋದಾಗ ಎಳೆಮರಿಗಳನ್ನು ರೊಪ್ಪದಲ್ಲಿ ಬಿಡುವುದು ಇದಕ್ಕೆ ಹತ್ತಿರದ್ದು. ಆದರೆ ರೊಪ್ಪಕ್ಕೆ ಬೇಲಿಯಿದೆ, ಪೆಂಗ್ವಿನ್ ಮರಿಗಳಿಗೆ ಇಲ್ಲ.

ಬೇಲಿಯಿಲ್ಲದ ಬಯಲಿನಲ್ಲಿ ಮರಿಗಳು ತಾವಾಗಿಯೇ ಕೂಡಿ ನಿಲ್ಲುವುದಕ್ಕೆ ಕುರಿ ಸಾಕುವವರ ಮಾತಿನಲ್ಲಿ ಬೇರೆ ಪದವಿದೆಯೇ? ಹಿರಿಯೂರು, ಮೊಳಕಾಲ್ಮೂರು, ಜಗಳೂರಿನ ಕಡೆಯ ಬಳಕೆಯನ್ನು ಬಲ್ಲವರು, ಅದನ್ನು ಯಾವ ವಾಕ್ಯದಲ್ಲಿ ಹೇಗೆ ಆಡುತ್ತಾರೆ ಎಂಬುದರ ಸಮೇತ ತಿಳಿಸಬೇಕೆಂದು ಕೋರುತ್ತೇನೆ.