ಹಳೇ ಕಂಪ್ಯೂಟರ್‌ಗಳ ಓಎಸ್ ಜೊತೆಗೆ ಯಾವ ಸಾಫ್ಟ್‌ವೇರ್ ಕೊಡಬೇಕು? ಆರಿಸೋದು ಹೇಗೆ?

ಹಳೇಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ, ಡಾಸ್ (ಕಮಾಂಡ್ ಟೈಪ್ ಮಾಡಿ ನಡೆಸುತ್ತಿದ್ದ ಹಳೇ ಪಿಸಿ ಓಎಸ್) ಪ್ರೋಗ್ರಾಂಗಳು ಓಡುವಂಥ ಒಂದು ಚಿಕ್ಕ ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಮಾಡುತ್ತಿದ್ದೇವೆ. ಯಾರಿಗೂ ಇದು ಸಂಬಳದ ಕೆಲಸ ಅಲ್ಲ, ಬಿಡುವಾದಾಗ ಕೂತು ಮಾಡುವುದು. 8088 ಚಿಪ್ (ಐಬಿಎಂನ ಮೊದಲ ಪಿಸಿಯ ಸಿಪಿಯು) ಇರುವ ಪಿಸಿಯಿಂದ ಹಿಡಿದು ಪೆಂಟಿಯಂವರೆಗೆ ಎಲ್ಲದರಲ್ಲೂ ಓಡಬೇಕು ಅನ್ನುವುದು ಆಸೆ. ಕರ್ನಲ್ (ಓಎಸ್‌ನ ತಿರುಳು), ಶೆಲ್ (ಕಮಾಂಡ್ ತಗೊಳ್ಳುವ ಭಾಗ) ಎರಡೂ ಒಂದು ಹದಕ್ಕೆ ಬಂದಿವೆ.

ಈಗ ನಮ್ಮಲ್ಲಿ ಜಗಳ ಇರುವುದು ಜೊತೆಗೆ ಏನೇನು ಕೊಡಬೇಕು ಅನ್ನುವುದರ ಮೇಲೆ. ಒಬ್ಬರು ಬ್ರೌಸರ್ ಬೇಕೇ ಬೇಕು ಅಂತಾರೆ, ಇನ್ನೊಬ್ಬರು ಕಂಪೈಲರ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವುದು) ಇಲ್ಲದ ಓಎಸ್ ಯಾಕೆ ಅಂತಾರೆ, ಮತ್ತೊಬ್ಬರಿಗೆ ಆಟಗಳು ಬೇಕು, ಒಬ್ಬರಂತೂ ತಾವು ಹಿಂದೆ ಬಳಸುತ್ತಿದ್ದ ವರ್ಡ್ ಪ್ರೊಸೆಸರನ್ನೂ ಸೇರಿಸೋಣ, ಅದನ್ನು ಮಾಡಿದ ಕಂಪನಿಯೇ ಈಗ ಇಲ್ವಲ್ಲ ಅಂತಿದ್ದಾರೆ. ಪಟ್ಟಿ ಬೆಳೆಯುತ್ತಲೇ ಇದೆ. ಯಾವುದನ್ನು ಬಿಡಬೇಕು ಅಂತ ಹೇಳೋಕೆ ನಮ್ಮ ಹತ್ತಿರ ಒಂದು ಅಳತೆಗೋಲೇ ಇಲ್ಲ. ನೀವಾದರೆ ಯಾವ ಲೆಕ್ಕದಲ್ಲಿ ಆರಿಸುತ್ತೀರಿ?

ಸೀರಿಯಲ್‌ಕೇಬಲ್:

ಯಾವ ಪ್ರೋಗ್ರಾಂ ಚೆನ್ನಾಗಿದೆ ಅಂತ ಕೇಳುತ್ತಾ ಹೋದರೆ ಪಟ್ಟಿ ಮುಗಿಯುವುದೇ ಇಲ್ಲ. ಬೇರೆ ಪ್ರಶ್ನೆ ಕೇಳಿ ನೋಡಿ. ಇದನ್ನು ನಾವು ಕೊಡದಿದ್ದರೆ, ಬಳಸುವವರು ಆಮೇಲೆ ತಾವೇ ತಂದು ಹಾಕಿಕೊಳ್ಳಬಹುದಾ? ಹೌದು ಅಂದರೆ ಮೊದಲ ಡಿಸ್ಕಿನಲ್ಲಿ ಅದಕ್ಕೆ ಜಾಗ ಬೇಡ. ತಂದು ಹಾಕಿಕೊಳ್ಳೋಕೆ ಏನೇನು ಬೇಕೋ ಅದಕ್ಕೆ ಮಾತ್ರ ಅಲ್ಲಿ ಜಾಗ.

ಹಳೇ ಮಷೀನಿನ ದೊಡ್ಡ ಕಷ್ಟ ಇರುವುದೇ ಅಲ್ಲಿ. ಯುಎಸ್‌ಬಿ ಇಲ್ಲ, ಎಷ್ಟೋ ಸಲ ನೆಟ್‌ವರ್ಕ್ ಕಾರ್ಡೂ ಇಲ್ಲ, ಫ್ಲಾಪಿ ಡ್ರೈವ್ ಇದ್ದರೂ ಇವತ್ತಿನ ಕಂಪ್ಯೂಟರ್‌ನಲ್ಲಿ ಅದಕ್ಕೆ ಜೋಡಿ ಇಲ್ಲ. ಫೈಲ್ ಒಳಗೆ ಹೋಗುವುದು ಹೇಗೆ? ಮೈಕ್ರೋಸಾಫ್ಟ್‌ನ ಎಂಎಸ್-ಡಾಸ್ 6ರ ಜೊತೆ ಬರುತ್ತಿದ್ದ ಇಂಟರ್‌ಲಿಂಕ್ ಅನ್ನುವ ಫೈಲ್ ಸಾಗಿಸುವ ಪ್ರೋಗ್ರಾಂನಲ್ಲಿ ಇದಕ್ಕೊಂದು ಸೊಗಸಾದ ದಾರಿ ಇತ್ತು. ಎರಡು ಮಷೀನಿನ ನಡುವೆ 7 ತಂತಿಯ ನಲ್-ಮೋಡೆಮ್ ಕೇಬಲ್ (ಎರಡು ಕಂಪ್ಯೂಟರಿನ ಸೀರಿಯಲ್ ಪೋರ್ಟ್‌ಗಳನ್ನು ನೇರವಾಗಿ ಜೋಡಿಸುವುದು) ಹಾಕಿದರೆ, ಆ ಕಡೆಯ ಮಷೀನಿಗೆ ತನ್ನನ್ನೇ ತಾನು ಕಾಪಿ ಮಾಡಿಕೊಳ್ಳುತ್ತಿತ್ತು. ಆ ಕಡೆ ಬೇಕಾಗಿದ್ದು ಎರಡೇ, ಪೋರ್ಟ್ ಹೊಂದಿಸೋಕೆ ಮೋಡ್ ಕಮಾಂಡ್ ಮತ್ತು ಕೀಬೋರ್ಡಿನ ಬದಲು ಸೀರಿಯಲ್ ಪೋರ್ಟಿನಿಂದ ಕಮಾಂಡ್ ತಗೊಳ್ಳೋಕೆ ಸಿಟಿಟಿವೈ. ಇವತ್ತು ಈ ಎರಡೂ ಯಾರಿಗೂ ಬೇಡ ಅಂತ ಅನಿಸಬಹುದು. ನಿಮ್ಮ ಶೆಲ್‌ನಿಂದ ದಯವಿಟ್ಟು ತೆಗೆಯಬೇಡಿ.

ಹಾಗಾಗಿ ನನ್ನ ಪಟ್ಟಿ ಚಿಕ್ಕದು. ಡಿಸ್ಕ್ ಹೊಂದಿಸೋಕೆ ಎಫ್‌ಡಿಸ್ಕ್, ಫಾರ್ಮ್ಯಾಟ್, ಸಿಸ್. ಡಿಸ್ಕ್ ತಪಾಸಣೆಗೆ ಒಂದು. ಒಂದು ಎಡಿಟರ್, ಯಾಕಂದ್ರೆ ಕಾನ್ಫಿಗ್ ಫೈಲ್ ತಿದ್ದದೆ ಹಳೇ ಮಷೀನಿನಲ್ಲಿ ಏನೂ ನಡೆಯಲ್ಲ. ಅನ್‌ಜಿಪ್. ಸೀರಿಯಲ್ ಕೇಬಲಿನಲ್ಲಿ ಫೈಲ್ ಕಳಿಸೋಕೆ ಕರ್ಮಿಟ್ ಥರದ್ದು ಒಂದು. ನೆಟ್‌ವರ್ಕ್ ಕಾರ್ಡ್ ಇರುವವರಿಗೆ ಎಂಟಿಸಿಪಿ ಅನ್ನುವ ನೆಟ್‌ವರ್ಕ್ ಪ್ರೋಗ್ರಾಂಗಳ ಗುಂಪು, ಅದು 8088ರಲ್ಲೂ ಓಡುತ್ತದೆ, ಜಿಪಿಎಲ್ (ಸೋರ್ಸ್ ಸಮೇತ ಯಾರು ಬೇಕಾದರೂ ಹಂಚಲು ಬಿಡುವ) ಲೈಸೆನ್ಸಿನದು, ಫೈಲ್ ಸಾಗಿಸುವ ಎಫ್‌ಟಿಪಿ ಕ್ಲೈಂಟೂ ಇದೆ ಸರ್ವರೂ ಇದೆ. ಸರ್ವರ್ ಇರುವುದು ಬಹಳ ಅನುಕೂಲ, ಹಳೇ ಮಷೀನಿನ ಮುಂದೆ ಕೂರದೆ ಹೊಸದರಿಂದಲೇ ಫೈಲ್ ತಳ್ಳಬಹುದು.

ಇಷ್ಟೂ ಒಂದೇ 360 ಕೆಬಿ ಫ್ಲಾಪಿಯಲ್ಲಿ ಹಿಡಿಸೋಕೆ ಪ್ರಯತ್ನಿಸಿ. ಫಾರ್ಮ್ಯಾಟ್ ಆದ ಮೇಲೆ ಅದರಲ್ಲಿ ಸಿಗುವುದು 3,62,496 ಬೈಟ್. ಆ ಮಿತಿಯೇ ನಿಮ್ಮ ಅಳತೆಗೋಲು. ಒಂದನ್ನು ಒಳಗೆ ತರಬೇಕಾದರೆ ಇನ್ನೊಂದನ್ನು ಹೊರಗೆ ಹಾಕಬೇಕು, ಆಗ ಜಗಳ ತಾನಾಗಿಯೇ ತೀರುತ್ತದೆ. ಮುಕ್ತ ಡಾಸ್ ಆದ ಫ್ರೀಡಾಸ್‌ನವರು ಮಾಡಿರುವುದೂ ಇದೇ ದಾರಿ. ಎಂಎಸ್-ಡಾಸ್ ಮಾಡುತ್ತಿದ್ದ ಕೆಲಸಗಳಷ್ಟೇ ಬೇಸ್ ಅನ್ನುವ ಮೂಲ ಗುಂಪಿನಲ್ಲಿ, ಉಳಿದಿದ್ದೆಲ್ಲ ಬೇರೆ ಗುಂಪುಗಳಲ್ಲಿ. 2022ರ 1.3ರಲ್ಲಿ ಫ್ಲಾಪಿಗೇ ಒಂದು ಬೇರೆ ಆವೃತ್ತಿ ಇದೆ, ಹೆಚ್ಚುವರಿ ಪ್ರೋಗ್ರಾಂಗಳಿಗೆ ಬೋನಸ್ ಸಿಡಿ ಇದೆ.

ಬ್ರೌಸರ್ ವಿಷಯ. ವೆಬ್ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಟಿಎಲ್ಎಸ್‌ನ ಹಳೇ ಆವೃತ್ತಿಗಳಾದ 1.0 ಮತ್ತು 1.1ನ್ನು 2021ರಲ್ಲೇ ಅಧಿಕೃತವಾಗಿ ಕೈಬಿಟ್ಟಾಗಿದೆ. ಈಗಿನ ಸೈಟುಗಳಿಗೆ ಬೇಕಾದ ಎನ್‌ಕ್ರಿಪ್ಶನ್ ಲೆಕ್ಕ ಮಾಡೋಕೆ 8088ಗೆ ಎಷ್ಟು ಹೊತ್ತು ಬೇಕು ಅಂದರೆ, ಸರ್ವರ್ ಕಾದು ಕಾದು ಸಂಪರ್ಕ ಕತ್ತರಿಸುತ್ತದೆ. ಪೆಂಟಿಯಂ ಇರುವವರಿಗೆ ಪ್ರತ್ಯೇಕವಾಗಿ ಕೊಡಿ, ಎಲ್ಲರಿಗೂ ಬೇಡ.

ಕಂಪೈಲರ್‌ಪ್ರಿಯ:

ಮೇಲಿನವರ ಮಾತಿನಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ಬರೀ ಎಫ್‌ಡಿಸ್ಕ್, ಅನ್‌ಜಿಪ್ ಕೊಟ್ಟರೆ ಜನ ಇನ್‌ಸ್ಟಾಲ್ ಮಾಡಿ, ಡಿಐಆರ್ ಅಂತ ಹೊಡೆದು, ಆಫ್ ಮಾಡಿ ಎದ್ದು ಹೋಗುತ್ತಾರೆ. ಹಳೇ ಮಷೀನ್ ಆನ್ ಮಾಡುವವರು ಅಲ್ಲಿ ಏನಾದರೂ ಮಾಡಬೇಕು ಅಂತ ತಾನೇ ಬರುವುದು? ಪವರ್ ಹಾಕಿ ಎರಡು ಸಾಲು ಬರೆದರೆ ಓಡುವ ಒಂದು ಬೇಸಿಕ್ (ಸುಲಭದ ಪ್ರೋಗ್ರಾಮಿಂಗ್ ಭಾಷೆ) ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡೀಬಗ್ ಕೂಡ ಇರಲಿ. ಮೆಮೊರಿ ನೋಡೋಕೆ, ಪೋರ್ಟ್ ಪರೀಕ್ಷಿಸೋಕೆ, ಪುಟಾಣಿ ಪ್ರೋಗ್ರಾಂ ಬರೆಯೋಕೆ ಅದೊಂದೇ ಸಾಕು.

ದೊಡ್ಡ ಕಂಪೈಲರ್ ಬಗ್ಗೆ ಒಂದು ಎಚ್ಚರಿಕೆ. ಡಿಜೆಜಿಪಿಪಿ ಅನ್ನುವ ಕಂಪೈಲರಿಗೆ 386 ಸಿಪಿಯು ಬೇಕೇ ಬೇಕು. ಓಪನ್ ವಾಟ್ಕಾಮ್ ಅನ್ನುವ ಇನ್ನೊಂದು 8086ಗೆ (8088ರಂಥದ್ದೇ ಚಿಪ್) ಪ್ರೋಗ್ರಾಂ ಕಟ್ಟಿಕೊಡುತ್ತದೆ, ಆದರೆ ಕಂಪೈಲರ್ ಓಡೋಕೆ 386 ಬೇಕು. ಇದನ್ನು ಮೊದಲೇ ಹೇಳದಿದ್ದರೆ 386ಗಿಂತ ಹಳೆಯ 286 ಇರುವವರು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಪ್ರತಿ ಪ್ಯಾಕೇಜಿನ ಜೊತೆ ಯಾವ ಸಿಪಿಯು, ಎಷ್ಟು ಮೆಮೊರಿ, ಯಾವ ಡಿಸ್ಪ್ಲೇ ಕಾರ್ಡ್ ಅಂತ ಬರೆದಿಡಿ. ಇನ್‌ಸ್ಟಾಲರ್ ಸಿಪಿಯು ನೋಡಿಕೊಂಡು ಓಡುವುದನ್ನು ಮಾತ್ರ ತೋರಿಸಿದರೆ ಇನ್ನೂ ಒಳ್ಳೆಯದು.

ಇನ್ನೊಂದು, ಎಲ್ಲವನ್ನೂ ನಿಜವಾದ 8088ರಲ್ಲಿ ಅಥವಾ 86ಬಾಕ್ಸ್‌ನಂಥ ಎಮ್ಯುಲೇಟರ್‌ನಲ್ಲಿ (ಹಳೇ ಮಷೀನನ್ನು ಅನುಕರಿಸುವ ಪ್ರೋಗ್ರಾಂ) ಓಡಿಸಿ ನೋಡಿ. ಕ್ಯೂಎಮು ಅನ್ನುವ ಎಮ್ಯುಲೇಟರ್ ಇದಕ್ಕೆ ಸಾಲದು. 8088ರ ನಂತರದ 80186 ಚಿಪ್‌ನಲ್ಲಿ ಬಂದ ಪುಶ್ಎ ಥರದ ಇನ್‌ಸ್ಟ್ರಕ್ಷನ್ ಒಂದು ನುಸುಳಿದ್ದರೂ, 8088 ಎರರ್ ಕೊಡಲ್ಲ. ಆ ಕೋಡನ್ನು ಅದು ಒಂದು ಜಂಪ್ ಅಂತ ಓದಿಕೊಂಡು ಎಲ್ಲಿಗೋ ಹೋಗಿಬಿಡುತ್ತದೆ, ಮಷೀನ್ ನಿಂತುಹೋಗುತ್ತದೆ. 8088ರ ಜಾಗದಲ್ಲಿ ಎನ್ಇಸಿ ವಿ20 ಚಿಪ್ ಹಾಕಿರುವವರ ಹತ್ತಿರ ಅದೇ ಪ್ರೋಗ್ರಾಂ ಚೆನ್ನಾಗಿ ಓಡುತ್ತದೆ, ಅದಕ್ಕೆ ಆ ಇನ್‌ಸ್ಟ್ರಕ್ಷನ್‌ಗಳು ಗೊತ್ತು. ಹಾಗಾಗಿ ನಮ್ಮಲ್ಲಿ ಓಡಿತು ಅಂತ ಯಾರಾದರೂ ಹೇಳಿದರೆ ಯಾವ ಚಿಪ್ ಅಂತ ಕೇಳಿ.

ಮೂಲಪ್ರತಿ:

ವರ್ಡ್ ಪ್ರೊಸೆಸರ್ ಸೇರಿಸೋಣ ಅಂದವರಿಗೆ ದಯವಿಟ್ಟು ಬೇಡ ಅಂತ ಹೇಳಿ. ಕಂಪನಿ ಮುಚ್ಚಿದ ಮಾತ್ರಕ್ಕೆ ಹಕ್ಕು ಹೋಗಲ್ಲ, ಅದು ಇನ್ಯಾರದ್ದೋ ಕೈಗೆ ದಾಟಿರುತ್ತದೆ. ಒಂದೇ ಒಂದು ಇಂಥ ಪ್ರೋಗ್ರಾಂ ಒಳಗಿದ್ದರೂ ಸಾಕು, ನಿಮ್ಮ ಇಡೀ ಡಿಸ್ಕನ್ನು ಬೇರೆಯವರು ಧೈರ್ಯವಾಗಿ ಹಂಚೋಕೆ ಆಗಲ್ಲ. ಅಷ್ಟು ಜನ ಸೇರಿ ಪಟ್ಟ ಶ್ರಮ ಅಲ್ಲೇ ನಿಂತುಬಿಡುತ್ತದೆ, ನನಗೆ ಬೇಜಾರಾಗುವುದು ಅದಕ್ಕೆ. ಉಚಿತ ಅಂದರೆ ಹಂಚಬಹುದು ಅಂತಲೂ ಅಲ್ಲ. ಹಳೇ ಶೇರ್‌ವೇರ್‌ಗಳ (ಮೊದಲು ಬಳಸಿ ನೋಡಿ ಆಮೇಲೆ ಹಣ ಕೊಡುವ ಪ್ರೋಗ್ರಾಂ) ಜೊತೆ ಬರುವ ಟೆಕ್ಸ್ಟ್ ಫೈಲ್ ಓದಿ ನೋಡಿ, ಹಣಕ್ಕೆ ಮಾರುವ ಡಿಸ್ಕಿನಲ್ಲಿ ಹಾಕಬೇಡಿ ಅಂತ ಎಷ್ಟೋ ಕಡೆ ಇರುತ್ತದೆ.

ಆಟಗಳಲ್ಲಿ ಪ್ರೋಗ್ರಾಂಗೆ ಒಂದು ಲೈಸೆನ್ಸ್, ಒಳಗಿನ ಚಿತ್ರ, ಸದ್ದು, ನಕ್ಷೆಗಳಿಗೆ ಇನ್ನೊಂದು. ಡೂಮ್ ಆಟದ ಸೋರ್ಸ್ ಕೋಡ್ 1997ರಲ್ಲಿ ಹೊರಬಂತು, 1999ರಲ್ಲಿ ಜಿಪಿಎಲ್ ಆಯಿತು. ಅದರ ಡೇಟಾ ಇವತ್ತಿಗೂ ಮುಕ್ತ ಅಲ್ಲ, ಫ್ರೀಡೂಮ್ ಹುಟ್ಟಿದ್ದೇ ಆ ಕೊರತೆ ತುಂಬೋಕೆ. ಓಪನ್ ವಾಟ್ಕಾಮ್ ಲೈಸೆನ್ಸೂ ಸ್ವಲ್ಪ ತೊಡಕಿನದು. ಓಪನ್ ಸೋರ್ಸ್ ಇನಿಶಿಯೇಟಿವ್ ಅದನ್ನು ಒಪ್ಪಿದೆ, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಒಪ್ಪಿಲ್ಲ. ನೀವು ಯಾವ ಕಡೆ ಅಂತ ಈಗಲೇ ತೀರ್ಮಾನ ಮಾಡಿ ಬರೆದಿಟ್ಟುಕೊಳ್ಳಿ.

ಜಿಪಿಎಲ್ ಪ್ರೋಗ್ರಾಂ ಕೊಟ್ಟರೆ ಅದೇ ಆವೃತ್ತಿಯ ಸೋರ್ಸ್ ಕೋಡನ್ನೂ ನೀವೇ ಇಟ್ಟು ಕೊಡಿ. ಯಾರದ್ದೋ ಸೈಟಿನ ಲಿಂಕ್ ಹಾಕಿ ಕೈ ತೊಳೆದುಕೊಂಡರೆ, ಆ ಸೈಟ್ ಮುಚ್ಚಿದ ದಿನ ಕೊಡೋಕೆ ನಿಮ್ಮ ಹತ್ತಿರ ಏನೂ ಇರಲ್ಲ. ಹಳೇ ಸಾಫ್ಟ್‌ವೇರ್‌ಗಳ ಸೈಟುಗಳು ಮುಚ್ಚುವುದೇ ಜಾಸ್ತಿ, ಅಲ್ವಾ?

ಹಳೇಪೆಟ್ಟಿಗೆ:

ಎಲ್ಲರಿಗೂ ತುಂಬಾ ಧನ್ಯವಾದ. ಗುಂಪಿನಲ್ಲಿ ಇದನ್ನೆಲ್ಲ ಓದಿ ಮಾತಾಡಿದೆವು. 360 ಕೆಬಿಯ ಒಂದು ಡಿಸ್ಕ್, ಅದರಲ್ಲಿ ಸೀರಿಯಲ್‌ಕೇಬಲ್ ಅವರ ಪಟ್ಟಿ ಮತ್ತು ಡೀಬಗ್. ಬೇಸಿಕ್ ಹಿಡಿಸಿದರೆ ಅದರಲ್ಲೇ, ಇಲ್ಲದಿದ್ದರೆ ಎರಡನೇ ಡಿಸ್ಕಿನಲ್ಲಿ. ಕಂಪೈಲರ್, ಬ್ರೌಸರ್, ಆಟಗಳೆಲ್ಲ ಬೇರೆ ಸಿಡಿಗೆ, ಸೋರ್ಸ್ ಸಮೇತ. ವರ್ಡ್ ಪ್ರೊಸೆಸರ್ ಬಿಟ್ಟೆವು.

ಎಡಿಟರ್ ಒಂದೇ ಉಳಿದಿದೆ. ನಮ್ಮ ಕೈಯಲ್ಲಿ ನಾಲ್ಕಾರು ಇವೆ, ಎಲ್ಲವೂ ಚಿಕ್ಕವು, ಎಲ್ಲದರ ಲೈಸೆನ್ಸೂ ಸರಿ ಇದೆ. ಯಾವುದನ್ನು ಇಟ್ಟುಕೊಳ್ಳೋಣ?

ಸೀರಿಯಲ್‌ಕೇಬಲ್:

ಮೂರು ಪರೀಕ್ಷೆ ಮಾಡಿ. 64 ಕೆಬಿಗಿಂತ ದೊಡ್ಡ ಫೈಲ್ ತೆರೆಯಿರಿ. ಕೆಲವು ಎಡಿಟರ್‌ಗಳು ಒಂದೇ ಸೆಗ್ಮೆಂಟಿನಲ್ಲಿ (64 ಕೆಬಿಯ ಮೆಮೊರಿ ತುಂಡು) ಇಡೀ ಫೈಲ್ ಇಟ್ಟುಕೊಳ್ಳುತ್ತವೆ, ಅಂಥವು ತೆರೆಯಲ್ಲ ಅಂತ ನೇರವಾಗಿ ಹೇಳಿದರೆ ಪರವಾಗಿಲ್ಲ, ಸದ್ದಿಲ್ಲದೆ ಅರ್ಧ ಕತ್ತರಿಸಿದರೆ ಬೇಡ. ಆಮೇಲೆ 256 ಕೆಬಿ ಮೆಮೊರಿಯ ಮಷೀನಿನಲ್ಲಿ ಶುರುವಾಗುತ್ತದಾ ನೋಡಿ. ಕೊನೆಗೆ ತುಂಬಿದ ಫ್ಲಾಪಿಯಲ್ಲಿರುವ ಫೈಲ್ ತಿದ್ದಿ, ಇನ್ನಷ್ಟು ಉದ್ದ ಮಾಡಿ ಸೇವ್ ಕೊಡಿ. ಹೊಸದನ್ನು ಬರೆಯುವ ಮೊದಲೇ ಹಳೇ ಫೈಲ್ ಅಳಿಸುವ ಎಡಿಟರ್ ಆದರೆ ಎರಡೂ ಹೋಗುತ್ತವೆ, ಅದು ಕಾನ್ಫಿಗ್ ಫೈಲ್ ಆಗಿದ್ದರೆ ಮುಂದಿನ ಸಲ ಮಷೀನ್ ಸರಿಯಾಗಿ ಏಳುವುದೂ ಕಷ್ಟ. ಮೂರರಲ್ಲೂ ಪಾಸಾದವು ಒಂದಕ್ಕಿಂತ ಜಾಸ್ತಿ ಇದ್ದರೆ, ನಿಮ್ಮ ಗುಂಪಿನಲ್ಲಿ ಯಾರಾದರೂ ಸೋರ್ಸ್ ಓದಿ ತಿದ್ದೋಕೆ ಒಪ್ಪುವಂಥದ್ದನ್ನು ಇಟ್ಟುಕೊಳ್ಳಿ.